ಮಗನ ಎಡಿಎಚ್‌ಡಿ ಮಾತ್ರೆಯಿಂದ ಮೆದುಳಿನ ಡೋಪಮೈನ್ ಖಾಲಿಯಾಗುತ್ತದೆಯೇ?

ಪ್ರಶ್ನೆ: ನಾವು ಮಲ್ಪೆ ಕಡೆಯವರು. ಮಗನಿಗೆ 12 ವರ್ಷ, ಏಳನೇ ತರಗತಿ. ಸಣ್ಣವನಿದ್ದಾಗಿನಿಂದಲೂ ಜೋರು. ಹೋಂವರ್ಕಿಗೆ ಕೂರಿಸಿದರೆ ಎರಡು ಸಾಲು ಬರೆಯುವಷ್ಟರಲ್ಲಿ ಎದ್ದುಹೋಗುತ್ತಾನೆ. ಮನೋವೈದ್ಯರು ಎರಡು ಮೂರು ಸಲ ನೋಡಿ, ಶಾಲೆಯಿಂದಲೂ ವರದಿ ತರಿಸಿಕೊಂಡು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ ಎಂದರು. ಆರು ವಾರದಿಂದ ಬೆಳಿಗ್ಗೆ 18 ಮಿ.ಗ್ರಾಂ.ನ ಮಿಥೈಲ್‌ಫೆನಿಡೇಟ್ ಕೊಡುತ್ತಿದ್ದೇವೆ. ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಮಾತ್ರೆಯಂತೆ. ಶಾಲೆಯಲ್ಲಿ ಒಳ್ಳೆಯ ಬದಲಾವಣೆ ಇದೆ. ಆದರೆ ಸಂಜೆ ಮನೆಗೆ ಬಂದ ಮೇಲೆ ಸಣ್ಣದಕ್ಕೂ ಸಿಟ್ಟು, ಅಳು. ಕೆಲವು ದಿನ ಮಧ್ಯಾಹ್ನವೇ ಶಾಲೆಯಿಂದ ಫೋನ್ ಬರುತ್ತದೆ. ಬುತ್ತಿಗೆ ಹಾಕಿದ ನೀರುದೋಸೆ ಹಾಗೇ ವಾಪಸ್ ಬರುತ್ತದೆ. ಮಾತ್ರೆ ನುಂಗಲು ಹಟ ಮಾಡಿದ ದಿನ ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಸೇರಿಸಿ ಕೊಡುತ್ತೇನೆ. ನನ್ನ ನಿಜವಾದ ಹೆದರಿಕೆ ಬೇರೆ. ಮಾವನವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ, ಅದು ಡೋಪಮೈನ್ ಮುಗಿದುಹೋಗಿ ಬರುವುದು ಎಂದು ಡಾಕ್ಟರು ಹೇಳಿದ್ದರು. ಈ ಮಾತ್ರೆ ಡೋಪಮೈನನ್ನು ಹೊರಗೆ ಸುರಿಸುತ್ತದೆ ಎಂದು ಇಂಟರ್‌ನೆಟ್‌ನಲ್ಲಿ ಓದಿದೆ. ದಿನಾ ಸುರಿದರೆ ಟ್ಯಾಂಕ್ ಖಾಲಿಯಾಗುವುದಿಲ್ಲವೇ? ಸಂಜೆ ಅವನು ಸೋತುಹೋಗುವುದು ಅದಕ್ಕೇ ಇರಬಹುದೇ? ನಸುಗುನ್ನಿ ಬೀಜದ ಪುಡಿ ಕೊಟ್ಟರೆ ಮತ್ತೆ ತುಂಬುತ್ತದೆ ಎಂದು ಒಬ್ಬರು ಹೇಳಿದರು. ರಾತ್ರಿಯಿಡೀ ಯಕ್ಷಗಾನ ನೋಡುವ ಹುಡುಗನಿಗೆ ಎಂಥ ಏಕಾಗ್ರತೆಯ ಕಾಯಿಲೆ, ಮದ್ದು ನಿಲ್ಲಿಸು ಎಂದು ಅತ್ತೆ ಹೇಳುತ್ತಾರೆ. ನೀಟ್‌ಗೆ ಓದುತ್ತಿರುವ ಅಕ್ಕನ ಮಗಳು ತನಗೂ ಒಂದೆರಡು ಮಾತ್ರೆ ಕೊಡಿ ಎನ್ನುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ದೊಡ್ಡ ಹೆದರಿಕೆಗೆ ನೇರ ಉತ್ತರ ಕೊಡುತ್ತೇನೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ರೀತಿಯಲ್ಲಿ ಕೊಟ್ಟರೆ ಮಿಥೈಲ್‌ಫೆನಿಡೇಟ್ ಮೆದುಳಿನ ಡೋಪಮೈನ್ ದಾಸ್ತಾನನ್ನು ಖಾಲಿ ಮಾಡುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನೀವು ಅಷ್ಟಾಗಿ ಲಕ್ಷ್ಯ ಕೊಡದೆ ಬರೆದ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು: ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕೊಡುವ ಮಾತು. ಅದನ್ನು ನಾಳೆಯಿಂದಲೇ ನಿಲ್ಲಿಸಿ. ಯಾಕೆಂದು ಮುಂದೆ ಹೇಳುತ್ತೇನೆ.

ಡೋಪಮೈನ್ ಎಂದರೆ ಮೆದುಳಿನ ನರಗಳು ಒಂದಕ್ಕೊಂದು ಸಂದೇಶ ಮುಟ್ಟಿಸಲು ಬಳಸುವ ಒಂದು ರಾಸಾಯನಿಕ. ಅದನ್ನು ಟ್ಯಾಂಕಿನ ನೀರಿನಂತೆ ಕಲ್ಪಿಸಿಕೊಂಡದ್ದರಿಂದ ನಿಮಗೆ ಈ ಹೆದರಿಕೆ ಬಂದಿದೆ. ಹುಟ್ಟುವಾಗ ತುಂಬಿಕೊಂಡು ಬಂದು, ಖರ್ಚು ಮಾಡಿದಷ್ಟೂ ಇಳಿಯುವ ಟ್ಯಾಂಕ್ ಅಲ್ಲ ಅದು. ಮೆದುಳಿನಲ್ಲಿ ಒಟ್ಟು ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ನಡುಮೆದುಳಿನ ನಾಲ್ಕರಿಂದ ಆರು ಲಕ್ಷ ಕೋಶಗಳೇ ಡೋಪಮೈನ್ ತಯಾರಿಸುವ ಮುಖ್ಯ ಕೋಶಗಳು. ನಾವು ತಿನ್ನುವ ಬೇಳೆ, ಮೀನು, ಮೊಟ್ಟೆ, ಹಾಲಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಈ ಕೋಶಗಳು ಮೊದಲು ಎಲ್-ಡೋಪಾ ಆಗಿ, ಆಮೇಲೆ ಡೋಪಮೈನ್ ಆಗಿ ಬದಲಿಸುತ್ತವೆ. ಈ ಕೆಲಸ ಹಗಲೂ ರಾತ್ರಿ ನಡೆಯುತ್ತಲೇ ಇರುತ್ತದೆ. ಡೋಪಮೈನ್ ಹೆಚ್ಚಾದರೆ ತಯಾರಿ ತಾನಾಗಿ ನಿಧಾನವಾಗುತ್ತದೆ, ಕಡಿಮೆಯಾದರೆ ಚುರುಕಾಗುತ್ತದೆ. ‘ಡೋಪಮೈನ್ ಹೆಚ್ಚಿಸುವ ಆಹಾರ’ ಎಂದು ಮೊಬೈಲಿನಲ್ಲಿ ಬರುವ ಪಟ್ಟಿಗಳಿಂದ ದೊಡ್ಡ ಪ್ರಯೋಜನ ಆಗದಿರುವುದೂ ಇದೇ ಕಾರಣಕ್ಕೆ. ಟೈರೋಸಿನ್ ಎಷ್ಟೇ ಒದಗಿಸಿದರೂ ತಯಾರಿಯ ವೇಗವನ್ನು ನಿರ್ಧರಿಸುವುದು ಕೋಶದೊಳಗಿನ ಕಿಣ್ವ.

ತಯಾರಾದ ಡೋಪಮೈನ್ ನರದ ತುದಿಯಲ್ಲಿರುವ ಅತಿ ಸಣ್ಣ ಚೀಲಗಳಲ್ಲಿ ಸೇರಿಕೊಳ್ಳುತ್ತದೆ. ಒಂದೊಂದು ಚೀಲದ ಗಾತ್ರ ಮಿಲಿಮೀಟರಿನ 20,000ದಲ್ಲಿ ಒಂದು ಪಾಲಿನಷ್ಟು. ಒಳಗೆ ತುಂಬುವ ಕೆಲಸ ವಿಮ್ಯಾಟ್-2 ಎಂಬ ಪ್ರೋಟೀನಿನದು. ನರದಲ್ಲಿ ಸಂಕೇತ ಬಂದಾಗ ಕ್ಯಾಲ್ಸಿಯಂ ಒಳನುಗ್ಗಿ, ಕೆಲವು ಚೀಲಗಳು ನರದ ಗೋಡೆಗೆ ಅಂಟಿ ಒಡೆದು, ಡೋಪಮೈನ್ ಹೊರಬೀಳುತ್ತದೆ. ಅದು ಪಕ್ಕದ ನರಕ್ಕೆ ಸಂದೇಶ ಮುಟ್ಟಿಸಿದ ಕೂಡಲೇ ಡ್ಯಾಟ್ ಎಂಬ ಇನ್ನೊಂದು ಪ್ರೋಟೀನ್ ಬಹುಪಾಲನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಒಳಬಂದದ್ದು ಮತ್ತೆ ಚೀಲ ಸೇರುತ್ತದೆ, ಉಳಿದದ್ದನ್ನು ಕಿಣ್ವಗಳು ಒಡೆಯುತ್ತವೆ. ಹೀಗೆ ಹೊರಹೋದದ್ದರಲ್ಲಿ ಹೆಚ್ಚಿನದು ವಾಪಸ್ ಬಂದು ಮರುಬಳಕೆಯಾಗುತ್ತದೆ.

ನಿಮ್ಮ ಮಗನ ಮಾತ್ರೆ ಕೆಲಸ ಮಾಡುವುದು ಡ್ಯಾಟ್ ಮೇಲೆ. ಚಿಕಿತ್ಸೆಯಲ್ಲಿ ಬಳಸುವ ಪ್ರಮಾಣದಲ್ಲಿ ಅರ್ಧಕ್ಕಿಂತ ಹೆಚ್ಚು ಡ್ಯಾಟ್‌ಗಳಿಗೆ ಅಂಟಿಕೊಂಡು ಅದು ಮರುಹೀರಿಕೆಯನ್ನು ತಡೆಯುತ್ತದೆ ಎಂಬುದು 1998ರಲ್ಲಿ ಅಮೆರಿಕದ ವಿಜ್ಞಾನಿ ನೋರಾ ವೋಲ್ಕೋವ್ ಅವರ ತಂಡ ಮಾಡಿದ ಮೆದುಳಿನ ಸ್ಕ್ಯಾನ್‌ಗಳಲ್ಲಿ ಕಂಡುಬಂತು. ಹೊರಬಂದ ಡೋಪಮೈನ್ ಸ್ವಲ್ಪ ಹೊತ್ತು ಹೆಚ್ಚು ಉಳಿಯುತ್ತದೆ, ದುರ್ಬಲ ಸಂಕೇತ ಸ್ಪಷ್ಟವಾಗುತ್ತದೆ. ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕದ ಮರುಹೀರಿಕೆಯನ್ನೂ ಇದು ತಡೆಯುತ್ತದೆ. ಹಣೆಯ ಹಿಂದಿನ ಮೆದುಳಿನ ಭಾಗಕ್ಕೆ, ಅಂದರೆ ಯೋಚಿಸಿ ತಡೆದು ಮಾಡುವ ಕೆಲಸಗಳಿಗೆ, ಅದೇ ಮುಖ್ಯ. ಚೀಲಗಳಿಂದ ಡೋಪಮೈನನ್ನು ಈ ಮಾತ್ರೆ ತಾನಾಗಿ ಹೊರಗೆ ತಳ್ಳುವುದಿಲ್ಲ. ನರ ಬಿಡುಗಡೆ ಮಾಡಿದರೆ ಮಾತ್ರ ಇದಕ್ಕೆ ಕೆಲಸ.

ನೀವು ಇಂಟರ್‌ನೆಟ್‌ನಲ್ಲಿ ಓದಿದ್ದು ಬಹುಶಃ ಆಂಫೆಟಮಿನ್ ಗುಂಪಿನ ಮದ್ದುಗಳ ವಿಷಯ. ಅಮೆರಿಕದಲ್ಲಿ ಅಡೆರಾಲ್ ಹೆಸರಿನಲ್ಲಿ ಸಿಗುವುದು ಅದೇ. ನಮ್ಮಲ್ಲಿ ಎಡಿಎಚ್‌ಡಿಗೆ ಅದು ಮಾರಾಟದಲ್ಲಿಲ್ಲ. ಆಂಫೆಟಮಿನ್ ನರದೊಳಗೇ ಹೋಗಿ, ಚೀಲಗಳು ಡೋಪಮೈನನ್ನು ಹಿಡಿದಿಟ್ಟುಕೊಳ್ಳದಂತೆ ಮಾಡುತ್ತದೆ. ಸೋರಿದ ಡೋಪಮೈನ್ ಡ್ಯಾಟ್ ಮೂಲಕವೇ ಹಿಮ್ಮುಖವಾಗಿ ಹೊರಬರುತ್ತದೆ. ಎರಡನ್ನೂ ‘ಸ್ಟಿಮ್ಯುಲೆಂಟ್’ ಎಂದೇ ಕರೆಯುವುದರಿಂದ ಒಂದರ ಕತೆ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಆಂಫೆಟಮಿನ್ ಕೂಡ ವೈದ್ಯರು ಕೊಡುವ ಪ್ರಮಾಣದಲ್ಲಿ ದಾಸ್ತಾನು ಬರಿದು ಮಾಡುವ ವಿಷವಲ್ಲ. ನರದ ತುದಿಗಳಿಗೆ ಹಾನಿ ಸ್ಪಷ್ಟವಾಗಿ ಕಂಡದ್ದು ಪ್ರಾಣಿಗಳಿಗೆ ಅದೇ ಗುಂಪಿನ ಮೆಥಾಂಫೆಟಮಿನನ್ನು ಭಾರೀ ಪ್ರಮಾಣದಲ್ಲಿ ಕೊಟ್ಟಾಗ. ಮಿಥೈಲ್‌ಫೆನಿಡೇಟ್‌ನದು ಇದಕ್ಕೆ ವಿರುದ್ಧ. 2002ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ಅದನ್ನು ಕೊಟ್ಟ ಮೇಲೆ ಚೀಲಗಳು ಡೋಪಮೈನನ್ನು ಒಳಗೆ ತುಂಬಿಕೊಳ್ಳುವುದು ಹೆಚ್ಚಾಗಿತ್ತು.

ದಾಸ್ತಾನು ನಿಜಕ್ಕೂ ಖಾಲಿಯಾದರೆ ಹೇಗಿರುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ, ಅದರ ಬೇರು ನಮ್ಮ ನೆಲದ್ದೇ. ಘಟ್ಟದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರಿನಲ್ಲಿ ರಿಸರ್ಪಿನ್ ಎಂಬ ಅಂಶವಿದೆ. ರಕ್ತದೊತ್ತಡಕ್ಕೆ ಸರ್ಪಗಂಧದ ಉಪಯೋಗವನ್ನು ಮುಂಬಯಿಯ ವೈದ್ಯ ರುಸ್ತಂ ಜಾಲ್ ವಕೀಲ್ 1949ರಲ್ಲಿ ಹೊರದೇಶದ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಅದು ಜಗತ್ತಿನ ಗಮನಕ್ಕೆ ಬಂತು. ರಿಸರ್ಪಿನ್ ವಿಮ್ಯಾಟ್ ಪ್ರೋಟೀನನ್ನೇ ಕಟ್ಟಿಹಾಕುತ್ತದೆ. ಚೀಲಗಳಿಗೆ ಏನೂ ಸೇರುವುದಿಲ್ಲ, ಹೊರಗುಳಿದದ್ದನ್ನು ಕಿಣ್ವಗಳು ಒಡೆದುಹಾಕುತ್ತವೆ. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ರಿಸರ್ಪಿನ್ ಕೊಟ್ಟ ಮೊಲಗಳು ಕಿವಿ ಇಳಿಬಿಟ್ಟು ಅಲುಗಾಡದೆ ಕೂತದ್ದನ್ನೂ, ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದ್ದನ್ನೂ ತೋರಿಸಿದರು. ಪಾರ್ಕಿನ್ಸನ್ ಚಿಕಿತ್ಸೆಗೆ ದಾರಿಯಾದದ್ದು ಆ ಕೆಲಸ. 2000ದಲ್ಲಿ ಅವರಿಗೆ ನೊಬೆಲ್ ಬಂತು. ಖಾಲಿಯಾದ ಮೆದುಳಿನ ಲಕ್ಷಣ ಅದು: ಚಲನೆಯೇ ನಿಲ್ಲುತ್ತದೆ. ಸಂಜೆ ಸಿಟ್ಟಿನಿಂದ ಬ್ಯಾಗ್ ಎಸೆದು ಅಳುವ ಹುಡುಗನಲ್ಲಿ ಅದು ಇಲ್ಲ.

ಹಾಗೆಂದು ನಿಮ್ಮ ತರ್ಕ ಪೂರ್ತಿ ತಪ್ಪು ಎನ್ನಲಾರೆ. ಮರುಬಳಕೆಯೇ ನಿಂತರೆ ದಾಸ್ತಾನು ಇಳಿಯಬೇಕಲ್ಲ ಎಂದು ಕೇಳಿದರೆ, ಹೌದು. ಡ್ಯಾಟ್ ಇಲ್ಲದೆ ಹುಟ್ಟುವಂತೆ ಬೆಳೆಸಿದ ಇಲಿಗಳಲ್ಲಿ ಮೆದುಳಿನ ಡೋಪಮೈನ್ ದಾಸ್ತಾನು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಆದರೆ ಅವು ಹುಟ್ಟಿನಿಂದ, ಹಗಲೂ ರಾತ್ರಿ, ಒಂದೂ ಡ್ಯಾಟ್ ಇಲ್ಲದ ಇಲಿಗಳು. ನಿಮ್ಮ ಮಗನಲ್ಲಿ ಒಂದು ಪಾಲು ಡ್ಯಾಟ್‌ಗಳಿಗೆ ಹಗಲಿನ ಕೆಲವು ಗಂಟೆ ತಡೆ ಬೀಳುತ್ತದೆ, ರಾತ್ರಿ ಹೊತ್ತಿಗೆ ಅದೂ ತೆರವಾಗುತ್ತದೆ. ಮೆದುಳು ಮದ್ದಿಗೆ ಒಗ್ಗಿಕೊಳ್ಳುವುದಂತೂ ಇದ್ದೇ ಇದೆ. ಒಂದು ವರ್ಷ ಮಿಥೈಲ್‌ಫೆನಿಡೇಟ್ ತೆಗೆದುಕೊಂಡ ವಯಸ್ಕರಲ್ಲಿ ಡ್ಯಾಟ್ ಶೇ. 24ರಷ್ಟು ಹೆಚ್ಚಿತ್ತು ಎಂದು 2013ರ ಒಂದು ಸಣ್ಣ ಅಧ್ಯಯನ ತೋರಿಸಿತು. ಮಾತ್ರೆ ತಪ್ಪಿದ ದಿನ ಚಡಪಡಿಕೆ ಮೊದಲಿಗಿಂತ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ ಇರಬಹುದು. ವರ್ಷಕ್ಕೊಮ್ಮೆಯಾದರೂ ಮದ್ದು ಇನ್ನೂ ಬೇಕೇ ಎಂದು ಪರಿಶೀಲಿಸಲು ನಾವು ಒತ್ತಾಯಿಸುವುದು ಇಂಥ ಕಾರಣಗಳಿಗೇ.

ಮಾವನವರ ಕಾಯಿಲೆಯ ಬಗ್ಗೆ: ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಬಳಸಿ ಮುಗಿದದ್ದಲ್ಲ, ಅದನ್ನು ತಯಾರಿಸುವ ಕೋಶಗಳೇ ಸತ್ತಿರುತ್ತವೆ. ಕೈನಡುಕ ಕಾಣುವ ಹೊತ್ತಿಗೆ ಆ ಜಾಗದ ಹೆಚ್ಚುಕಡಿಮೆ ಅರ್ಧದಷ್ಟು ಕೋಶಗಳು ಹೋಗಿರುತ್ತವೆ. ಮೊಮ್ಮಗನ ಮಾತ್ರೆ ಆ ಕೋಶಗಳನ್ನು ಕೊಲ್ಲುತ್ತದೆ ಎಂಬುದಕ್ಕೆ ಮನುಷ್ಯರಲ್ಲಿ ಪುರಾವೆ ಇಲ್ಲ. ಎಡಿಎಚ್‌ಡಿ ಇದ್ದವರಲ್ಲಿ, ಅದರಲ್ಲೂ ಇಂಥ ಮದ್ದು ಪಡೆದವರಲ್ಲಿ, ಪಾರ್ಕಿನ್ಸನ್ ಗುಂಪಿನ ಕಾಯಿಲೆಗಳು ಹೆಚ್ಚು ಕಂಡವು ಎಂದು ಅಮೆರಿಕದ ಯೂಟಾ ರಾಜ್ಯದ ದಾಖಲೆಗಳನ್ನು ನೋಡಿ 2018ರಲ್ಲಿ ಒಂದು ವರದಿ ಬಂದಿತ್ತು. ನೀವು ಹುಡುಕಿದರೆ ಅದು ಸಿಗುತ್ತದೆ, ಆದ್ದರಿಂದ ನಾನೇ ಹೇಳುತ್ತೇನೆ. ತೊಂದರೆ ಹೆಚ್ಚಿದ್ದವರಿಗೇ ಮದ್ದು ಹೆಚ್ಚು ಸಿಗುತ್ತದೆ. ಹಳೆಯ ದಾಖಲೆಗಳಿಂದ ಕಾಯಿಲೆಯ ಪಾಲು ಎಷ್ಟು, ಮದ್ದಿನ ಪಾಲು ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ಅದೊಂದನ್ನೇ ಹಿಡಿದು ನಾನು ಯಾವ ಮಗುವಿನ ಮಾತ್ರೆಯನ್ನೂ ನಿಲ್ಲಿಸಿಲ್ಲ. ಅಜ್ಜನ ಕಾಯಿಲೆಯ ವಿಷಯ ಮಾತ್ರ ನಿಮ್ಮ ವೈದ್ಯರಿಗೆ ಗೊತ್ತಿರಲಿ.

ಅತ್ತೆಯವರ ಮಾತನ್ನು ನಾನು ಕ್ಲಿನಿಕ್ಕಿನಲ್ಲಿ ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತೇನೆ. ಕೆಲವರದು ಕ್ರಿಕೆಟ್, ಕೆಲವರದು ಮೊಬೈಲ್ ಗೇಮ್, ನಮ್ಮ ಕರಾವಳಿಯಲ್ಲಿ ಆಟ, ಅಂದರೆ ಯಕ್ಷಗಾನ. ಚೆಂಡೆ ಏರುತ್ತಿರುವಾಗ, ವೇಷ ರಂಗಸ್ಥಳಕ್ಕೆ ನುಗ್ಗುವಾಗ, ಮುಂದೇನು ಎಂಬ ನಿರೀಕ್ಷೆಯಲ್ಲೇ ಡೋಪಮೈನ್ ನರಗಳು ಜೋರಾಗಿ ಮಿಡಿಯುತ್ತವೆ. ಅಲ್ಲಿ ಗಮನ ಹಿಡಿದಿಡಲು ಅವನು ಏನೂ ಮಾಡಬೇಕಾಗಿಲ್ಲ. ಗಣಿತದ ಹತ್ತನೇ ಲೆಕ್ಕದಲ್ಲಿ ಅಂಥ ಸೆಳೆತ ಇಲ್ಲ. ಸೆಳೆತ ಇಲ್ಲದ ಕೆಲಸದಲ್ಲಿ ಗಮನವನ್ನು ತಾನೇ ಹಿಡಿದಿಡುವ ಶಕ್ತಿ ಕಡಿಮೆ ಇರುವುದೇ ಎಡಿಎಚ್‌ಡಿ. ಆಟ ನೋಡುತ್ತಾನೆ ಎಂಬುದು ಕಾಯಿಲೆ ಇಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ, ಹುಡುಗ ಸೋಮಾರಿ ಎನ್ನುವುದಕ್ಕೂ ಸಾಕ್ಷಿಯಲ್ಲ. ಅವನಿಗೆ ಆಟ ಬಿಡಿಸಬೇಡಿ. ಶಾಲೆ ಇರುವ ಹಿಂದಿನ ರಾತ್ರಿ ಮಾತ್ರ ಬೇಡ, ನಿದ್ದೆಗೆಟ್ಟರೆ ಯಾವ ಮಾತ್ರೆಯೂ ಸರಿದೂಗಿಸುವುದಿಲ್ಲ.

ಈಗ ಪುಡಿಯ ವಿಷಯ. ನಿಧಾನವಾಗಿ ಬಿಡುವ ಮಾತ್ರೆಯನ್ನು ಕಟ್ಟಿರುವುದೇ ಹತ್ತು ಹನ್ನೆರಡು ಗಂಟೆ ಸ್ವಲ್ಪ ಸ್ವಲ್ಪವೇ ಮದ್ದು ಹೊರಬರಲಿ ಎಂದು. ಅದನ್ನು ಕುಟ್ಟಿದ ಕೂಡಲೇ ಆ ರಚನೆ ಹಾಳಾಗಿ, ದಿನವಿಡೀ ಹಂಚಿಹೋಗಬೇಕಿದ್ದ 18 ಮಿ.ಗ್ರಾಂ. ಒಟ್ಟಿಗೇ ರಕ್ತ ಸೇರುತ್ತದೆ. ಬೆಳಿಗ್ಗೆ ಎರಡು ಗಂಟೆ ಅತಿಯಾಗುತ್ತದೆ: ಎದೆ ಹೊಡೆದುಕೊಳ್ಳುವುದು, ಹಸಿವೇ ಇಲ್ಲದಿರುವುದು, ಮಂಕಾಗಿ ಕೂರುವುದು. ಈ ಮದ್ದಿನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಎರಡು ಮೂರು ಗಂಟೆ ಅಷ್ಟೇ. ಆದ್ದರಿಂದ ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಇಳಿದಿರುತ್ತದೆ. ಶಾಲೆಯಿಂದ ಫೋನ್ ಬಂದ ದಿನಗಳನ್ನೂ ಬಾಳೆಹಣ್ಣಿನ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಎರಡೂ ಹೊಂದಿಬಂದರೆ ನನಗೆ ಆಶ್ಚರ್ಯವಾಗದು. ಮೆದುಳಿಗೆ ಮದ್ದು ಎಷ್ಟು ಬೇಗ ಮುಟ್ಟುತ್ತದೆ ಎಂಬುದು ಬಹಳ ಮುಖ್ಯ. ಕೊಕೇನ್ ಕೂಡ ತಡೆಯುವುದು ಇದೇ ಡ್ಯಾಟನ್ನು. ಅದು ಕ್ಷಣಗಳಲ್ಲಿ ಏರುತ್ತದೆ, ಚಟವಾಗುವುದು ಆ ವೇಗದಿಂದ. ಬಾಯಿಂದ ನಿಧಾನವಾಗಿ ಏರುವ ಮಾತ್ರೆಯಲ್ಲಿ ಆ ಅಪಾಯ ಬಹಳ ಕಡಿಮೆ, ಸರಿಯಾಗಿ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಮುಂದೆ ಚಟದ ಸಮಸ್ಯೆ ಹೆಚ್ಚಾದದ್ದು ಕಂಡಿಲ್ಲ. ಆ ನಿಧಾನವನ್ನು ಕುಟ್ಟಿ ಹಾಳುಮಾಡಬಾರದು.

ಪೂರ್ತಿ ನುಂಗಿದ ದಿನಗಳಲ್ಲೂ ಸಂಜೆ ಐದೂವರೆಗೆ ಸಿಟ್ಟು ಬರುತ್ತದೆ ಎಂದರೆ ಅದು ಮದ್ದು ಇಳಿಯುವ ಹೊತ್ತು. ಅದರ ಮೇಲೆ ಹಸಿವು. ಬುತ್ತಿಯ ನೀರುದೋಸೆ ವಾಪಸ್ ಬಂದಿದೆ ಎಂದರೆ ಹುಡುಗ ಬೆಳಿಗ್ಗೆಯಿಂದ ಸರಿಯಾಗಿ ತಿಂದೇ ಇಲ್ಲ. ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿನ್ನಿಸಿ, ಜತೆಗೆ ಒಂದು ಮೊಟ್ಟೆ ಇರಲಿ. ಶಾಲೆಯ ಬ್ಯಾಗ್ ಇಳಿಸಿದ ಕೂಡಲೇ ಪ್ರಶ್ನೆ ಕೇಳದೆ, ಹೋಂವರ್ಕ್ ಎತ್ತದೆ, ಗಂಜಿಯೋ ಅವಲಕ್ಕಿಯೋ ಅವನಿಗೆ ಇಷ್ಟವಾದದ್ದನ್ನು ಮುಂದಿಡಿ. ಅರ್ಧ ಗಂಟೆ ಅಂಗಳದಲ್ಲಿ ಆಡಲಿ. ರಾತ್ರಿ ಹಸಿವು ಮರಳುತ್ತದೆ, ಆಗ ಇನ್ನೊಮ್ಮೆ ಬಡಿಸಿ. ಇಷ್ಟರಿಂದಲೇ ಅನೇಕ ಮನೆಗಳಲ್ಲಿ ಸಂಜೆ ಶಾಂತವಾದದ್ದನ್ನು ನೋಡಿದ್ದೇನೆ.

ನುಂಗುವುದು ಕಷ್ಟವಾದರೆ ಹಟ ಎಂದು ಗದರಬೇಡಿ. ಜೀರಿಗೆ ಪೆಪ್ಪರ್‌ಮಿಂಟಿನಂಥ ಸಣ್ಣ ಕಾಳಿನಿಂದ ಅಭ್ಯಾಸ ಮಾಡಿಸಿ, ಗಟ್ಟಿ ಮೊಸರಿನ ಚಮಚದಲ್ಲಿ ಇಟ್ಟು ನುಂಗಿಸಿ. ಆಗಲೇ ಇಲ್ಲವೆಂದರೆ ವೈದ್ಯರಿಗೆ ಹೇಳಿ. ಕಡಿಮೆ ಪ್ರಮಾಣದ ಸಾದಾ ಮಾತ್ರೆಯನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ಕೊಡಬಹುದು. ಅದು ಒಂದು ಸಲಕ್ಕೆ ನಾಲ್ಕು ಗಂಟೆ ಕೆಲಸ ಮಾಡುತ್ತದೆ, ಮಧ್ಯಾಹ್ನದ ಮಾತ್ರೆ ಶಾಲೆಯಲ್ಲಿ ಯಾರು ಕೊಡುವುದು ಎಂಬ ತಾಪತ್ರಯ ಇರುತ್ತದೆ. ಸ್ಟಿಮ್ಯುಲೆಂಟ್ ಅಲ್ಲದ ಅಟೊಮಾಕ್ಸೆಟಿನ್ ಇನ್ನೊಂದು ದಾರಿ. ನಾರ್‌ಅಡ್ರಿನಲಿನ್ ಮರುಹೀರಿಕೆಯನ್ನಷ್ಟೇ ತಡೆಯುವ ಅದರ ಪೂರ್ತಿ ಪರಿಣಾಮಕ್ಕೆ ನಾಲ್ಕಾರು ವಾರ ಕಾಯಬೇಕು. ಸರಾಸರಿ ಪ್ರಯೋಜನ ಸ್ವಲ್ಪ ಕಡಿಮೆ. ವಾಕರಿಕೆ, ತೂಕಡಿಕೆ ಬರಬಹುದು, ಅಪರೂಪಕ್ಕೆ ಯಕೃತ್ತಿನ ತೊಂದರೆ ಅಥವಾ ಆತ್ಮಹತ್ಯೆಯ ಯೋಚನೆ ಬಂದೀತೆಂದು ಕಣ್ಣಿಡಬೇಕು. ಮದ್ದು ಪೂರ್ತಿ ಬಿಟ್ಟು, ಪೋಷಕರಿಗೆ ಕೊಡುವ ವರ್ತನಾ ತರಬೇತಿ ಮತ್ತು ಶಾಲೆಯಲ್ಲಿ ಮುಂದಿನ ಬೆಂಚು, ತುಂಡು ತುಂಡಾದ ಹೋಂವರ್ಕ್ ಇವುಗಳಿಂದಲೇ ನೋಡೋಣ ಎಂದರೂ ತಪ್ಪಲ್ಲ. ಆದರೆ ಶಾಲೆಯಲ್ಲಿ ಈಗಾಗಲೇ ಬದಲಾವಣೆ ಕಂಡಿರುವಾಗ ನಾನಾದರೆ ಮದ್ದಿನ ಜತೆಗೆ ಇವನ್ನು ಸೇರಿಸುತ್ತೇನೆ, ಮದ್ದಿನ ಬದಲಿಗೆ ಅಲ್ಲ.

ನಿಜಕ್ಕೂ ಲೆಕ್ಕ ಇಡಬೇಕಾದದ್ದು ಎತ್ತರ, ತೂಕ, ನಾಡಿ ಮತ್ತು ರಕ್ತದೊತ್ತಡ. ವರ್ಷಗಟ್ಟಲೆ ಬಿಡದೆ ತೆಗೆದುಕೊಂಡ ಮಕ್ಕಳ ಎತ್ತರ ಸರಾಸರಿ ಒಂದೆರಡು ಸೆಂ.ಮೀ. ಕಡಿಮೆಯಾದದ್ದಿದೆ. ಮನೆತನದಲ್ಲಿ ಯಾರಾದರೂ ಸಣ್ಣ ವಯಸ್ಸಿನಲ್ಲಿ ಹೃದಯದಿಂದಾಗಿ ಹಠಾತ್ ತೀರಿಕೊಂಡಿದ್ದರೆ ಈಗಲೇ ವೈದ್ಯರಿಗೆ ಹೇಳಿ. ಓಡುವಾಗ ಎದೆನೋವು, ತಲೆತಿರುಗಿ ಬೀಳುವುದು, ಇಲ್ಲದ್ದು ಕಾಣುವುದು ಕೇಳುವುದು, ಮೊದಲಿಲ್ಲದ ಸಂಶಯ ಇಂಥದ್ದು ಕಂಡರೆ ಮರುದಿನದ ಮಾತ್ರೆ ಕೊಡದೆ ಆಸ್ಪತ್ರೆಗೆ ಹೋಗಿ.

ನಸುಗುನ್ನಿಯಲ್ಲಿ ಎಲ್-ಡೋಪಾ ಇರುವುದು ನಿಜ, ಅದರಿಂದಲೇ ಜನ ಹಾಗೆ ಹೇಳುತ್ತಾರೆ. ಪಾರ್ಕಿನ್ಸನ್‌ಗೆ ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಆದರೆ ನಿಮ್ಮ ಮಗನಲ್ಲಿ ತುಂಬಬೇಕಾದ ಖಾಲಿ ಜಾಗವೇ ಇಲ್ಲ, ಎಡಿಎಚ್‌ಡಿಗೆ ಅದರಿಂದ ಪ್ರಯೋಜನ ಸಾಬೀತಾಗಿಲ್ಲ. ಪುಡಿಯಲ್ಲಿ ಎಲ್-ಡೋಪಾ ಎಷ್ಟಿದೆ ಎಂಬುದು ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತದೆ, ವಾಂತಿ ಮತ್ತು ಚಡಪಡಿಕೆ ಬರಬಹುದು. ಮಾವನವರಿಗೂ ಕೇಳದೆ ಕೊಡಬೇಡಿ. ಅವರು ಲೆವೊಡೋಪಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡೂ ಒಂದೇ ಮದ್ದು, ಪ್ರಮಾಣ ಮೀರುತ್ತದೆ.

ಕೊನೆಗೆ ಅಕ್ಕನ ಮಗಳು. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಪಿಯುಸಿ ಅಂಕಗಳಿಗೆ ಇರುವ ಒತ್ತಡ ಗೊತ್ತಿರುವುದರಿಂದ ಅವಳ ಮೇಲೆ ನನಗೆ ಸಿಟ್ಟಿಲ್ಲ, ಕಾಳಜಿ ಇದೆ. ಎಡಿಎಚ್‌ಡಿ ಇಲ್ಲದವರಿಗೆ ಈ ಮಾತ್ರೆ ಎಚ್ಚರ ಕೊಡುತ್ತದೆ, ಚೆನ್ನಾಗಿ ಓದುತ್ತಿದ್ದೇನೆ ಎಂಬ ಭಾವನೆ ಕೊಡುತ್ತದೆ. ಕಲಿಕೆಯಲ್ಲಿ ಸಿಗುವ ಲಾಭ ಅಷ್ಟಕ್ಕಷ್ಟೇ. ನಿದ್ದೆ ಕೆಡುವುದಂತೂ ಖಂಡಿತ, ಓದಿದ್ದು ನೆನಪಿನಲ್ಲಿ ನಿಲ್ಲುವುದು ನಿದ್ದೆಯಲ್ಲೇ. ಅವಳ ಹೃದಯ, ರಕ್ತದೊತ್ತಡ, ಆತಂಕದ ಸ್ಥಿತಿ ಯಾರೂ ನೋಡಿಲ್ಲ. ಇದು ಶೆಡ್ಯೂಲ್ ಎಕ್ಸ್ ಮದ್ದು, ಅಂದರೆ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮ ಇರುವ ಪಟ್ಟಿಯದು. ಚೀಟಿ ಎರಡು ಪ್ರತಿಯಲ್ಲಿ ಬರೆಯಬೇಕು, ಒಂದನ್ನು ಔಷಧಿ ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೆ, ಇನ್ನೊಬ್ಬರಿಗೆ ಕೊಡುವುದು ಕಾನೂನಿನಲ್ಲಿ ಅಪರಾಧ. ಓದಿನ ಒತ್ತಡ ತಡೆಯಲಾಗದಿದ್ದರೆ ಅವಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಲಿ, ಕನ್ನಡದಲ್ಲೇ ಮಾತಾಡಬಹುದು. ನೀವು ಮಾತ್ರೆಗಳನ್ನು ಅಡುಗೆಮನೆಯ ಕಪಾಟಿನಿಂದ ತೆಗೆದು ಬೀಗವಿರುವ ಕಡೆ ಇಡಿ, ವಾರಕ್ಕೊಮ್ಮೆ ಎಣಿಸಿ.